ಸೈನಿಕನೇ ಕಾಣದ ಪದ

ನಮಸ್ಕಾರ. ‘ಮಾರ್ಷಲ್ ಲಾ’ಗೆ, ಅಂದರೆ ತುರ್ತಿನಲ್ಲಿ ಸೇನೆಗೆ ಅಧಿಕಾರ ಕೊಡುವ ಆಜ್ಞೆಗೆ, ಜಪಾನಿ ಭಾಷೆಯಲ್ಲಿ ಏನಂತಾರೆ ಎಂದು ನಿಘಂಟು ತೆರೆದರೆ ಸಿಗುವ ಪದ ಕೈಗೆನ್‌ರೇ. ಅದನ್ನು ಬಿಡಿಸಿ ನೋಡಿ. ಕೈ ಅಂದರೆ ಎಚ್ಚರಿಕೆ, ಗೆನ್ ಅಂದರೆ ಬಿಗಿ, ರೇ ಅಂದರೆ ಆಜ್ಞೆ. ಸೈನಿಕ ಎಲ್ಲಿ? ನಾವು ‘ಸೇನಾ ಕಾನೂನು’ ಅಂದ ತಕ್ಷಣ ಬಂದೂಕು ಕಣ್ಣಿಗೆ ಕಟ್ಟುತ್ತದೆ, ಅಲ್ವಾ?

ಆದರೆ ಈ ಪದಕ್ಕೆ ನೆನಪು ಅಂಟಿದೆ. 1882ರಲ್ಲಿ ಇದೇ ಹೆಸರಿನ ಕಾನೂನು ಬಂತು. 1923ರ ಸೆಪ್ಟೆಂಬರ್ 1ರಂದು ಟೋಕಿಯೊ ಸುತ್ತಮುತ್ತ ಭೂಕಂಪ. ಮರುದಿನವೇ ಕೈಗೆನ್‌ರೇ. ಕೊರಿಯನ್ನರು ಬಾವಿಗೆ ವಿಷ ಹಾಕುತ್ತಿದ್ದಾರೆ ಎಂಬ ಸುಳ್ಳು ಸುದ್ದಿ ಹಬ್ಬಿತು. ಊರಿನ ಗುಂಪುಗಳು ಕೊಂದವು, ಸೈನಿಕರೂ ಪೊಲೀಸರೂ ಕೊಂದರು. ಸಾವಿರಾರು ಜೀವ ಹೋಯಿತು. 1936ರಲ್ಲಿ ಯುವ ಸೇನಾಧಿಕಾರಿಗಳು ದಂಗೆ ಎದ್ದಾಗ ಮತ್ತೆ ಅದೇ ಆಜ್ಞೆ. 1947ರಲ್ಲಿ ಆ ಕಾನೂನು ರದ್ದಾಯಿತು. ಈಗಿನ ಸಂವಿಧಾನದಲ್ಲಿ ಅದಕ್ಕೆ ಜಾಗವೇ ಇಲ್ಲ.

ಇನ್ನೊಂದು ಪದ ಗುನ್‌ಸೇ. ಗುನ್ ಅಂದರೆ ಸೇನೆ, ಸೇ ಅಂದರೆ ಆಡಳಿತ; ಸೇನೆಯೇ ಸರ್ಕಾರವಾಗಿ ಆಳುವುದು. ಈ ಎರಡನ್ನೂ ಒಂದೇ ಅಂದುಕೊಂಡರೆ ಸುದ್ದಿಯೇ ತಪ್ಪಾಗುತ್ತದೆ. ಮ್ಯಾನ್ಮಾರ್ ನೋಡಿ. 2021ರ ಫೆಬ್ರವರಿ 1ರಂದು ಸೇನೆ ಅಧಿಕಾರ ಕಸಿದುಕೊಂಡಿತು. ಅದು ಗುನ್‌ಸೇ, ಇಡೀ ದೇಶಕ್ಕೆ. ಮಾರ್ಚ್‌ನಲ್ಲಿ ಯಾಂಗೂನ್‌ನ ಲೈಂಗ್‌ಥಾಯಾದಂಥ ಕೆಲವು ಬಡಾವಣೆಗಳಲ್ಲಿ ಬಂದದ್ದು ಕೈಗೆನ್‌ರೇ. 2024ರ ಡಿಸೆಂಬರ್ 3ರ ರಾತ್ರಿ ದಕ್ಷಿಣ ಕೊರಿಯಾದಲ್ಲಿ ಆಗಿನ ಅಧ್ಯಕ್ಷ ಯೂನ್ ಸುಕ್ ಯೋಲ್ ಘೋಷಿಸಿದ್ದನ್ನು ಜಪಾನಿನ ಪತ್ರಿಕೆಗಳು ‘ಹಿಜೋ ಕೈಗೆನ್’ ಎಂದೇ ಬರೆದವು; ಹಿಜೋ ಅಂದರೆ ತುರ್ತು. ಕೊರಿಯನ್ ಪದದ ಅವೇ ಚೀನಿ ಅಕ್ಷರಗಳು, ಓದುವ ರೀತಿ ಮಾತ್ರ ಬೇರೆ. ಅಲ್ಲಿ ಅಧಿಕಾರದಲ್ಲಿದ್ದದ್ದು ಜನ ಆರಿಸಿದ ಅಧ್ಯಕ್ಷ. ಗುನ್‌ಸೇ ಅಂದಿದ್ದರೆ ಸುಳ್ಳಾಗುತ್ತಿತ್ತು.

ನನಗೆ ಜಾಸ್ತಿ ನೋವಾಗುವುದು ಜಪಾನಿನ ದಕ್ಷಿಣದ ದ್ವೀಪ ಓಕಿನಾವಾದ ವಿಷಯದಲ್ಲಿ. 1945ರಲ್ಲಿ ಅಮೆರಿಕದ ಸೇನೆ ಅಲ್ಲಿ ಗುನ್‌ಸೇಫು, ಅಂದರೆ ಸೇನಾ ಸರ್ಕಾರ, ಕಟ್ಟಿತು. 1950ರಲ್ಲಿ ಹೆಸರು ‘ಮಿನ್‌ಸೇಫು’ ಆಯಿತು. ಗುನ್ ಹೋಗಿ ಮಿನ್ ಬಂತು, ಅಂದರೆ ಜನ. ಬದಲಾದದ್ದು ಒಂದೇ ಅಕ್ಷರ. 1957ರಿಂದ ಅಲ್ಲಿ ಹೈ ಕಮಿಷನರ್ ಆಗಿ ಕೂತವರೆಲ್ಲ ಅಮೆರಿಕದ ಸೇನೆಯ ಜನರಲ್‌ಗಳು. 1972ರವರೆಗೆ ಹೀಗೇ ನಡೆಯಿತು. ‘ಮಿನ್‌ಸೇಫು’ವನ್ನು ಕನ್ನಡದಲ್ಲಿ ಸುಮ್ನೆ ‘ನಾಗರಿಕ ಸರ್ಕಾರ’ ಎಂದು ಬರೆದು ಮುಂದೆ ಹೋಗಲು ನನಗೆ ಮನಸ್ಸು ಬರುವುದಿಲ್ಲ. ಆ ಕುರ್ಚಿಯಲ್ಲಿ ಜನರಲ್ ಕೂತಿದ್ದ ಎಂದು ಅದೇ ಸಾಲಿನಲ್ಲಿ ಬರೆಯುತ್ತೇನೆ.