ವೈರ್ ಎಳೆಸಿ ಮಾರಾಯ್ರೇ

ನಮಸ್ಕಾರ. ಕಳೆದ ವಿಡಿಯೋ ಕೆಳಗೆ ಒಬ್ಬರು ಬರೆದಿದ್ದಾರೆ: "ಅಣ್ಣಾ, 5ಜಿ ಬಂದ ಮೇಲೂ ಮನೆ ನೆಟ್‌ಗೆ ಅಂತ ಯಾರ್ರೀ ಕಂಬದಿಂದ ಕಂಬಕ್ಕೆ ವೈರ್ ಎಳೆಸ್ತಾರೆ? ತಾರಸಿ ಮೇಲೆ ಟವರ್ ಸಿಗ್ನಲ್ ಹಿಡಿಯೋ ಒಂದು ಡಬ್ಬ ಕೂರಿಸಿದ್ರೆ ಆಯ್ತು, ಖರ್ಚು ಉಳೀತು." ಅದಕ್ಕೆ ಸಿಕ್ಕಾಪಟ್ಟೆ ಲೈಕ್ ಬೇರೆ. ಓದಿ ಮೈ ಉರಿಯಿತು. ಖರ್ಚು ಎಲ್ಲಿ ಉಳಿಯಿತು? ಅದು ನಿಮ್ಮ ಕಣ್ಣಿಗೆ ಕಾಣುತ್ತಿಲ್ಲ, ಅಷ್ಟೇ.

ನಾನು ಹೇಳುವುದು ಒಂದೇ ಮಾತು. ವೈರಿನ ಖರ್ಚು ಒಂದು ಸಲ. ಗಾಳಿಯಲ್ಲಿ ಬರುವ ನೆಟ್‌ನ ಖರ್ಚು ದಿನಾ.

ಮೊದಲು ವೈರ್ ನೋಡೋಣ. ಕೇಬಲ್ ಆಫೀಸಿನ ಒಂದು ಪೋರ್ಟಿನಿಂದ ಕೂದಲೆಳೆಯಷ್ಟು ಗಾಜಿನ ದಾರ, ಅಂದರೆ ಫೈಬರ್, ಹೊರಡುತ್ತದೆ. ಅದರಲ್ಲಿ ಸೆಕೆಂಡಿಗೆ ಸುಮಾರು 2.5 ಗಿಗಾಬಿಟ್, ಅಂದರೆ 2500 ಮೆಗಾಬಿಟ್, ಹರಿಯುತ್ತದೆ. ನಡುವೆ ಕಂಬದ ಮೇಲೆ ದಾರದ ಬೆಳಕನ್ನು ಪಾಲು ಮಾಡುವ ಸ್ಪ್ಲಿಟರ್ ಇಟ್ಟು 32 ಮನೆಗೆ ಹಂಚುತ್ತಾರೆ ಅಂದುಕೊಳ್ಳಿ. ಅಷ್ಟೂ ಮನೆಯವರು ಒಂದೇ ಹೊತ್ತಿಗೆ ಐಪಿಎಲ್ ಹಾಕಿಕೊಂಡು ಕೂತರೂ ಮನೆಗೆ 75 ಎಂಬಿಪಿಎಸ್‌ಗೆ ಮೋಸವಿಲ್ಲ. ಆ ಸ್ಪ್ಲಿಟರಿಗೆ ಕರೆಂಟೂ ಬೇಡ. ನಾಳೆ 10 ಗಿಗಾಬಿಟ್ ಬೇಕೆಂದರೆ ಎರಡು ತುದಿಯ ಡಬ್ಬ ಬದಲಾಯಿಸಿದರೆ ಸಾಕು, ದಾರ ಅದೇ ಇರುತ್ತದೆ.

ಇನ್ನು ಟವರ್. 2022ರ ಸರ್ಕಾರಿ ಹರಾಜಿನಲ್ಲಿ ಕಂಪನಿಗಳು ಸಿಗ್ನಲ್ ಕಳಿಸುವ ತರಂಗಕ್ಕೆ, ಅಂದರೆ ಸ್ಪೆಕ್ಟ್ರಮ್‌ಗೆ, ಸುಮಾರು 1.5 ಲಕ್ಷ ಕೋಟಿ ರೂಪಾಯಿ ಕೂಗಿದವು. ಅದೂ 20 ವರ್ಷಕ್ಕೆ ಮಾತ್ರ. ಆಮೇಲೆ ಜಾಗದ ಬಾಡಿಗೆ, ಕರೆಂಟು, ಕರೆಂಟು ಹೋದರೆ ಡೀಸೆಲ್. ಇದನ್ನೆಲ್ಲ ಯಾರು ಕಟ್ಟುತ್ತಾರೆ? ನೀವೇ ಕಟ್ಟುತ್ತೀರಿ, ತಿಂಗಳು ತಿಂಗಳೂ.

ಸರಿ, ದುಡ್ಡು ಕಟ್ಟಿದಿರಿ. ನೆಟ್ ನಿಮಗೇ ಸಿಗುತ್ತದಾ? ಶನಿವಾರ ಬಂತೆಂದರೆ ನಮ್ಮ ಚಿಕ್ಕಮಗಳೂರಿನ ಕೈಮರದಿಂದ ಮುಳ್ಳಯ್ಯನಗಿರಿ ಕಡೆಗೆ ಕಾರುಗಳ ಸಾಲು. ಕಾರಲ್ಲಿ ಕೂತವರೆಲ್ಲ ರೀಲ್ಸ್ ಹಾಕುತ್ತಿರುತ್ತಾರೆ. ಅವರ ಫೋನೂ ಅದೇ ಟವರಿಗೆ, ನಿಮ್ಮ ಮನೆಯ ಟಿವಿಯೂ ಅದೇ ಟವರಿಗೆ. ಬಿಲ್ಲು ಮಾತ್ರ ನಿಮ್ಮ ಹೆಸರಿಗೆ!

ನನ್ನ ಮಾತು ನಂಬಬೇಡಿ, ಕಂಪನಿಯವರ ಲೆಕ್ಕವನ್ನೇ ನೋಡಿ. 2023ರ ಗಣೇಶನ ಹಬ್ಬಕ್ಕೆ ಜಿಯೋ ಏರ್‌ಫೈಬರ್ ಬಂತು. ಹೆಸರಲ್ಲಿ ಫೈಬರ್, ಆದರೆ ಅದೇ ತಾರಸಿ ಡಬ್ಬ. ಅನ್‌ಲಿಮಿಟೆಡ್ ಅಂತಲೇ ಮಾರಿದರು. ಕೆಳಗಿನ ಸಣ್ಣ ಅಕ್ಷರ ಓದಿದರೆ ತಿಂಗಳಿಗೆ 1000 ಜಿಬಿ ಮಿತಿ. ಅದೇ ಕಂಪನಿಯ ವೈರ್ ಕನೆಕ್ಷನ್‌ಗೆ 3300 ಜಿಬಿ. ಮೂರು ಪಟ್ಟಿಗಿಂತ ಜಾಸ್ತಿ! ಯಾಕೆ? ಗಾಳಿಯಲ್ಲಿ ಕಳಿಸುವ ಪ್ರತಿ ಜಿಬಿ ಅವರಿಗೇ ದುಬಾರಿ, ಅದಕ್ಕೆ. ಮಾರುವವನೇ ಅಳೆದು ಕೊಡುತ್ತಿದ್ದಾನೆ, ನೀವು ಅಗ್ಗ ಅಂತ ಕುಣಿಯುತ್ತಿದ್ದೀರಿ.

ಈ ಲೆಕ್ಕ ಉಪಯೋಗ ಆಯಿತು ಅನ್ನಿಸಿದರೆ ಸಬ್‌ಸ್ಕ್ರೈಬ್ ಮಾಡಿ, ಬೆಲ್ ಒತ್ತಿ. ಮಲೆನಾಡಿನ ನೆಟ್ ವಿಷಯವನ್ನು ಇಷ್ಟು ಬಿಡಿಸಿ ಕನ್ನಡದಲ್ಲಿ ಹೇಳುವವರು ಕಮ್ಮಿ. ನಿಮ್ಮ ಫ್ಯಾಮಿಲಿ ಗ್ರೂಪಿಗೂ ಕಳಿಸಿ.

"ಆಷಾಢದ ಗಾಳಿಗೆ ಕೊಂಬೆ ಬಿದ್ದು ವೈರ್ ತುಂಡಾಗುತ್ತಲ್ಲ?" ಅಂತ ಕೇಳುತ್ತೀರಿ. ಆಗುತ್ತದೆ. ತುಂಡಾದರೆ ಜೋಡಿಸುತ್ತಾರೆ! ಹೋದ ಮಳೆಗಾಲದಲ್ಲಿ ಆಲ್ದೂರು ರಸ್ತೆಯಲ್ಲಿ ನಿಂತು ನೋಡಿದ್ದೇನೆ. ಸಿಲ್ವರ್ ಓಕ್ ಬುಡದಲ್ಲಿ ಹುಡುಗ ಕೂತಿದ್ದ, ಇನ್ನೊಬ್ಬ ಕೊಡೆ ಹಿಡಿದಿದ್ದ. ದಾರದ ಹೊದಿಕೆ ಸುಲಿದ, ಸ್ಪಿರಿಟ್ಟಲ್ಲಿ ಒರೆಸಿದ, ತುದಿ ನೇರವಾಗಿ ಕತ್ತರಿಸಿ ಎರಡನ್ನೂ ಮೆಷಿನ್ನಿಗೆ ಕೊಟ್ಟ. ಸಣ್ಣ ಪರದೆಯಲ್ಲಿ ಎರಡು ತುದಿಯೂ ಹತ್ತಿರ ಬಂದವು, ಚಿಟ್ ಅಂತ ಕಿಡಿ ಹಾರಿತು, ಗಾಜು ಗಾಜಿಗೆ ಕೂಡಿಕೊಂಡಿತು. ಕೆಲಸ ಮುಗಿಯಿತು. ಮಳೆಯಲ್ಲಿ ನೆನೆದ ಎಲೆ ಸಿಗ್ನಲ್ ಕುಡಿದರೆ ಯಾವ ಮೆಷಿನ್ ತರುತ್ತೀರಿ? ನಮ್ಮ ತೋಟದಲ್ಲಿ ಮರ, ಮರಕ್ಕೆ ಮೆಣಸಿನ ಬಳ್ಳಿ, ಎಲ್ಲಿ ನೋಡಿದರೂ ಎಲೆ. ನೆಟ್ ಸಲುವಾಗಿ ನೆರಳಿನ ಮರ ಕಡಿಯುತ್ತೀರಾ?

"ಒಂಟಿ ಮನೆಗೆ ಅಷ್ಟು ದೂರ ಯಾರು ಎಳೆಯುತ್ತಾರೆ?" ಇದು ಇನ್ನೊಂದು. ಮೆಸ್ಕಾಂನವರು ಕರೆಂಟು ಎಳೆಯಲಿಲ್ಲವಾ? ಕಂಬ ಇದೆಯಲ್ಲ! ಭಾರತ್‌ನೆಟ್ ಅಂತ ಯೋಜನೆಯೇ ಇದೆ, 2011ರಲ್ಲಿ ಬೇರೆ ಹೆಸರಲ್ಲಿ ಒಪ್ಪಿಗೆಯಾಗಿದ್ದು, ಗ್ರಾಮ ಪಂಚಾಯ್ತಿವರೆಗೆ ಫೈಬರ್ ತರುವುದಕ್ಕೆ. 2023ರ ಆಗಸ್ಟಿನಲ್ಲಿ ಕೇಂದ್ರ ಸಂಪುಟ ಅದಕ್ಕೆ ಮತ್ತೆ 1.39 ಲಕ್ಷ ಕೋಟಿಗೆ ಒಪ್ಪಿಗೆ ಕೊಟ್ಟಿದೆ. ಅಕ್ಕಪಕ್ಕದ ನಾಲ್ಕು ಮನೆಯವರು ಸೇರಿ ಪಂಚಾಯ್ತಿಗೆ ಹೋಗಿ ಕೇಳಿ. ಕೇಬಲ್‌ನವರನ್ನೂ ಕರೆದು ಕೂರಿಸಿ ಮಾತಾಡಿ. ನಾಲ್ಕು ಮನೆ ಸೇರಿದರೆ ವೈರಿನ ದುಡ್ಡು ನಾಲ್ಕು ಪಾಲು ಆಗುತ್ತದೆ. ಗಾಳಿಯಲ್ಲಿ ನಾಲ್ಕು ಮನೆ ಸೇರಿದರೆ ಸ್ಪೀಡ್ ನಾಲ್ಕು ಪಾಲು ಆಗುತ್ತದೆ. ಇದಕ್ಕಿಂತ ಬಿಡಿಸಿ ಹೇಗೆ ಹೇಳಲಿ?

ಸ್ಯಾಟಲೈಟ್ ಬರುತ್ತೆ ಅನ್ನುವವರಿಗೂ ಅದೇ ಉತ್ತರ. ಅದೂ ಗಾಳಿಯೇ ಅಲ್ವಾ? ವೈರ್ ಎಳೆಸಿ. ಸಾಲ ಮಾಡಿಯಾದರೂ ಎಳೆಸಿ. ವೈರ್, ವೈರ್, ವೈರ್! ಇನ್ನೂ ಯಾರಾದರೂ ಡಬ್ಬ ಅಂತ ಬರೆದರೆ ಅವರಿಗೆ ಇದೇ ವಿಡಿಯೋ ಲಿಂಕ್ ಹಾಕುತ್ತೇನೆ.

ಮುಂದಿನ ವಾರ, ಮನೆಯ ಬಾಕ್ಸಲ್ಲಿ ಕೆಂಪು ದೀಪ ಉರಿದರೆ ಕೇಬಲ್‌ನವರಿಗೆ ಫೋನ್ ಮಾಡುವ ಮೊದಲು ಏನು ನೋಡಬೇಕು ಅಂತ ತೋರಿಸುತ್ತೇನೆ. ಅಲ್ಲಿವರೆಗೆ ಆ ಬಾಕ್ಸಿಗೆ ಚುಚ್ಚಿರುವ ಹಳದಿ ವೈರನ್ನು ಮಡಚಿ ಮೊಳೆಗೆ ಕಟ್ಟಬೇಡಿ, ಒಳಗಿನ ಗಾಜು ಮುರಿಯುತ್ತದೆ.