ಐಟಿ ಪ್ರಾಜೆಕ್ಟಿಗೆ ಬೌದ್ಧಿಕ ಬಂಡವಾಳ ಯಾಕೆ ಬೇಕು? ಒಂದು ಕಾಫಿ ತೋಟದ ಲೆಕ್ಕ

ನಮಸ್ಕಾರ. ಚಿಕ್ಕಮಗಳೂರಿನ ಒಂದು ಕಾಫಿ ತೋಟಕ್ಕೆ ಲೆಕ್ಕ ಇಡುವ ಆ್ಯಪ್ ಮಾಡಬೇಕು ಅಂತ ಇಟ್ಟುಕೊಳ್ಳಿ. ಒಳ್ಳೆಯ ಎಂಜಿನಿಯರ್‌ಗಳಿದ್ದಾರೆ, ದುಡ್ಡಿದೆ. ಹೇಳಿದ ಟೈಮಿಗೆ ಆ್ಯಪ್ ರೆಡಿ. ಆದರೆ ತೋಟದ ಲೆಕ್ಕ ಬರೆಯುವ ರೈಟರು ಅದನ್ನು ಮುಟ್ಟುವುದೇ ಇಲ್ಲ. ಹಳೇ ಪುಸ್ತಕದಲ್ಲೇ ಬರೆಯುತ್ತಾರೆ. ಯಾಕೆ?

[ತೆರೆಯ ಮೇಲೆ: 50 ಕೆಜಿ ಚೆರಿ ಮೂಟೆ]

ಒಣಗಿಸಿದ ರೋಬಸ್ಟಾ ಚೆರಿಯ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣಿನ ಮೂಟೆ ಇದು. ಸಿಪ್ಪೆ ತೆಗೆದ ಮೇಲೆ ಎಷ್ಟು ಕೆಜಿ ಬೀಜ ಸಿಗುತ್ತದೋ ಅದೇ ಔಟ್‌ಟರ್ನ್. ಒಂದು ಲಾಟಿಗೆ, ಅಂದರೆ ಒಂದು ರಾಶಿಗೆ, 26 ಬರಬಹುದು, ಇನ್ನೊಂದಕ್ಕೆ 28. ಮೂಟೆಯ ರೇಟು ನಿಂತಿರುವುದೇ ಅದರ ಮೇಲೆ. ಆ್ಯಪ್‌ನಲ್ಲಿ ಎಲ್ಲ ಲಾಟಿಗೂ ಒಂದೇ ನಂಬರ್ ಕೂರಿಸಿಬಿಟ್ಟಿದ್ದಾರೆ! ಯಾವ ಬ್ಲಾಕಿನ ಚೆರಿ, ಕಾಳು ತುಂಬಿದೆಯಾ, ಕಣದಲ್ಲಿ ಮಳೆಗೆ ಸಿಕ್ಕಿತ್ತಾ, ಇದೆಲ್ಲ ರೈಟರಿಗೆ ಗೊತ್ತು. ಒಂದು ಹಿಡಿ ಕೈಗೆತ್ತಿಕೊಂಡರೆ ಅಂದಾಜು ಹೇಳಿಬಿಡುತ್ತಾರೆ. ಅವರನ್ನು ಯಾರೂ ಕೇಳಲಿಲ್ಲ.

ಈ ತಿಳಿವಳಿಕೆಯೂ ಬಂಡವಾಳವೇ, ಬೌದ್ಧಿಕ ಬಂಡವಾಳ ಅಂತಾರೆ. 1991ರಲ್ಲಿ ಸ್ವೀಡನ್ನಿನ ವಿಮಾ ಕಂಪನಿ ಸ್ಕಾಂಡಿಯಾ, ಬೌದ್ಧಿಕ ಬಂಡವಾಳ ನೋಡಿಕೊಳ್ಳುವುದಕ್ಕೆ ಅಂತಲೇ ಲೇಫ್ ಎಡ್ವಿನ್ಸನ್ ಅವರನ್ನು ಡೈರೆಕ್ಟರ್ ಆಗಿ ನೇಮಿಸಿತು. ಸಾಮಾನ್ಯವಾಗಿ ಇದನ್ನು ಮೂರು ಪಾಲು ಮಾಡುತ್ತಾರೆ. ಜನರ ತಲೆಯಲ್ಲಿ, ಕೈಯಲ್ಲಿ ಇರುವುದು ಒಂದು. ಜನ ಮನೆಗೆ ಹೋದ ಮೇಲೂ ಆಫೀಸಿನಲ್ಲಿ ಉಳಿಯುವುದು ಇನ್ನೊಂದು: ಕೋಡ್, ದಾಖಲೆ, ಕೆಲಸ ಮಾಡುವ ಕ್ರಮ. ಮೂರನೆಯದು ಸಂಬಂಧ, ಅಂದರೆ ಬಳಸುವವರ ಜೊತೆ ಇರುವ ನಂಬಿಕೆ. ನಮ್ಮ ಪ್ರಾಜೆಕ್ಟುಗಳಲ್ಲಿ ಜಾಸ್ತಿ ಕಡೆಗಣಿಸುವುದು ಇದನ್ನೇ ಅಂತ ನನಗನ್ನಿಸುತ್ತದೆ. ನಂಬಿಕೆ ಇಲ್ಲದಿದ್ದರೆ ರೈಟರು "ಹೂಂ, ಸರಿ ಇದೆ ಸಾರ್" ಅಂತ ಸುಮ್ನೆ ತಲೆಯಾಡಿಸಿ ಕಳಿಸುತ್ತಾರೆ. ತಪ್ಪು ಎಲ್ಲಿದೆ ಅಂತ ಬಾಯಿಬಿಟ್ಟು ಹೇಳುವುದಿಲ್ಲ.

ಇನ್ನೊಂದು ವಿಷಯ. ಪ್ರಾಜೆಕ್ಟ್ ತಡವಾದರೆ ಮ್ಯಾನೇಜರ್ ಏನು ಮಾಡುತ್ತಾರೆ? ಇನ್ನೂ ನಾಲ್ಕು ಜನ ಹಾಕಿ ಅಂತಾರೆ. ಐಬಿಎಂ ಕಂಪನಿಯಲ್ಲಿ ಓಎಸ್/360 ಅನ್ನುವ ಆಪರೇಟಿಂಗ್ ಸಿಸ್ಟಂ ಕೆಲಸ ನಡೆಸಿದ ಫ್ರೆಡ್ ಬ್ರೂಕ್ಸ್ 1975ರಲ್ಲೇ ಎಚ್ಚರಿಸಿದ್ದರು: ತಡವಾದ ಸಾಫ್ಟ್‌ವೇರ್ ಕೆಲಸಕ್ಕೆ ಜನ ಸೇರಿಸಿದರೆ ಅದು ಇನ್ನೂ ತಡವಾಗುತ್ತದೆ. ಹೊಸಬರಿಗೆ ಹೇಳಿಕೊಡಬೇಕಾದವರು ಹಳಬರೇ ಅಲ್ವಾ? ಅಷ್ಟು ಹೊತ್ತು ಅವರ ಕೆಲಸ ನಿಂತಿರುತ್ತದೆ. ತಲೆ ಎಣಿಸಿದರೆ ತಂಡ ದೊಡ್ಡದಾಗಿ ಕಾಣುತ್ತದೆ, ತಿಳಿದವರು ಮಾತ್ರ ಅಷ್ಟೇ ಜನ.

[ತೆರೆಯ ಮೇಲೆ: ಹಾಸನ, ಇಸ್ರೋದ ಆ್ಯಂಟೆನಾಗಳು]

ಹಾಸನದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ನೋಡಿ. 1982ರ ಇನ್ಸಾಟ್ 1ಎ ಉಪಗ್ರಹದ ಕಾಲದಿಂದ ಇಲ್ಲಿಂದ ಉಪಗ್ರಹಗಳನ್ನು ನಡೆಸುತ್ತಿದ್ದಾರೆ. ಒಂದು ಸಂವಹನ ಉಪಗ್ರಹ ಹತ್ತು, ಹದಿನೈದು ವರ್ಷ ಬಾಳುತ್ತದೆ. ಅಷ್ಟರಲ್ಲಿ ಎಷ್ಟೋ ಜನ ನಿವೃತ್ತರಾಗಿರುತ್ತಾರೆ. ಹಗಲು ರಾತ್ರಿ ನಿಗಾ ತಪ್ಪಬಾರದ ಇಂಥ ಕೆಲಸ ಒಬ್ಬರ ನೆನಪಿನ ಮೇಲೆ ನಡೆಯಲಾರದು. ಯಾವ ಕಮಾಂಡ್ ಯಾವಾಗ, ಯಾಕೆ ಅನ್ನುವುದು ಬರಹದಲ್ಲಿ ಇರಲೇಬೇಕು.

ಹೀಗೆ ಹಳಬರ ತಿಳಿವಳಿಕೆಯನ್ನು ಹೊಸಬರಿಗೆ ದಾಟಿಸುವುದಕ್ಕೆ ನಮ್ಮ ಐಟಿ ಕಂಪನಿಗಳಲ್ಲಿ ಕೆಟಿ ಅಂತಾರೆ, ನಾಲೆಡ್ಜ್ ಟ್ರಾನ್ಸ್‌ಫರ್. ಅದು ಬಹಳ ಕಡೆ ನೋಟಿಸ್ ಪಿರಿಯಡ್‌ನ ಕೊನೇ ವಾರಕ್ಕೆ ಬರುತ್ತದೆ. ಹೋಗುವವರು ಸ್ಕ್ರೀನ್ ಶೇರ್ ಮಾಡಿ ಮಾತಾಡುತ್ತಾರೆ, ಹೊಸಬರು ಕೇಳಿಸಿಕೊಳ್ಳುತ್ತಾರೆ, ಮುಗೀತು. ದಯವಿಟ್ಟು ಇದನ್ನು ತಿರುಗಿಸಿ. ಕೀಬೋರ್ಡ್ ಹೊಸಬರ ಕೈಗೆ ಕೊಡಿ. ಒಂದು ರಿಲೀಸ್, ಅಂದರೆ ಸಾಫ್ಟ್‌ವೇರಿನ ಹೊಸ ಆವೃತ್ತಿ ಹೊರಬಿಡುವ ಕೆಲಸ, ಪೂರ್ತಿ ಅವರೇ ಮಾಡಲಿ, ಹಳಬರು ಪಕ್ಕದಲ್ಲಿ ಕೂತು ನೋಡಲಿ. ಹೊಸಬರು ಎಲ್ಲೆಲ್ಲಿ ತಡವರಿಸಿದರೋ ಅಲ್ಲೆಲ್ಲ ದಾಖಲೆ ಬರೆದಿಲ್ಲ ಅಂತ ಅರ್ಥ. ಅವತ್ತೇ ಬರೆಸಿ.