ಆಫೀಸ್ ಅವರ್ಸ್ ಎಂದರೇನು: ಕ್ವೀನ್ಸ್‌ನ ಒಂದು ಕಮ್ಯುನಿಟಿ ಕಾಲೇಜಿನ ಅನುಭವ

ಮಾನ್ಯ ಪ್ರಾಂಶುಪಾಲರೇ, ಅಧ್ಯಾಪಕ ಬಂಧುಗಳೇ, ಪ್ರೀತಿಯ ವಿದ್ಯಾರ್ಥಿಗಳೇ,

ದಾವಣಗೆರೆಯಲ್ಲಿ ಬಿ.ಕಾಂ. ಮುಗಿಸಿ, ಮದುವೆಯಾಗಿ, ಪತಿಯ ಉದ್ಯೋಗದ ನಿಮಿತ್ತ ನ್ಯೂಯಾರ್ಕ್ ನಗರಕ್ಕೆ ಹೋದ ನಾನು, ಓದಲು ಅನುಮತಿಯಿದ್ದು ದುಡಿಯಲು ಅನುಮತಿಯಿಲ್ಲದ ವೀಸಾದ ಮೇಲೆ ಆ ನಗರದ ಕ್ವೀನ್ಸ್ ಎಂಬ ಭಾಗದಲ್ಲಿರುವ ಲಗ್ವಾರ್ಡಿಯಾ ಕಮ್ಯುನಿಟಿ ಕಾಲೇಜಿಗೆ ಸೇರಿದೆ. ಮೊದಲ ವಾರ ಪ್ರತಿಯೊಬ್ಬ ಅಧ್ಯಾಪಕರೂ ಕೊಟ್ಟ ಹಾಳೆಗಳಲ್ಲಿ ‘ಆಫೀಸ್ ಅವರ್ಸ್’ ಎಂಬ ಒಂದು ಸಾಲು, ಅದರ ಮುಂದೆ ವಾರ, ವೇಳೆ, ಕೊಠಡಿಯ ಸಂಖ್ಯೆ ಇದ್ದವು. ಅದು ಅಧ್ಯಾಪಕರು ಕಚೇರಿಯ ಕೆಲಸದಲ್ಲಿರುವ ಹೊತ್ತು, ಆಗ ಬಾಗಿಲು ತಟ್ಟಬಾರದು ಎಂದು ನಾನು ಅರ್ಥಮಾಡಿಕೊಂಡೆ. ಸಂಖ್ಯಾಶಾಸ್ತ್ರದ ಪಾಠ ತಲೆಗೆ ಹತ್ತದೆ ಒದ್ದಾಡುತ್ತಿದ್ದರೂ ಐದು ವಾರ ಆ ಕೊಠಡಿಯ ಮುಂದೆ ಸದ್ದಿಲ್ಲದೆ ಹಾದುಹೋದೆ. ವಿದ್ಯಾರ್ಥಿಗಳು ಬಂದು ಪ್ರಶ್ನೆ ಕೇಳಲೆಂದೇ ಮೀಸಲಿಟ್ಟ ಸಮಯವದು ಎಂದು ನನಗೆ ತಿಳಿಸಿದವಳು ಅದೇ ತಪ್ಪು ತಿಳಿವಳಿಕೆಯಲ್ಲಿ ಒಂದಿಡೀ ಸೆಮಿಸ್ಟರ್ ಕಳೆದಿದ್ದ ನೇಪಾಳದ ಒಬ್ಬ ಸಹಪಾಠಿ.

ಇಂದಿನ ಮಾತನ್ನು ಇಲ್ಲಿಂದಲೇ ಆರಂಭಿಸಲು ಕಾರಣವಿದೆ. ಹಲವು ನೆಲಗಳಿಂದ, ಹಲವು ಭಾಷೆಗಳಿಂದ ಬಂದವರು ಒಂದೇ ಕೊಠಡಿಯಲ್ಲಿ ಕುಳಿತಾಗ ‘ಇಷ್ಟು ಎಲ್ಲರಿಗೂ ಗೊತ್ತಿರುತ್ತದೆ’ ಎಂಬ ಊಹೆಯೇ ಕೆಲವರನ್ನು ಬಾಗಿಲಾಚೆ ನಿಲ್ಲಿಸುತ್ತದೆ. ಅಂಥ ಕಾಲೇಜಿನಲ್ಲಿ ಕಲಿಯುವುದೆಂದರೆ ಆ ಊಹೆಯನ್ನು ವಿದ್ಯಾರ್ಥಿಯೂ ಅಧ್ಯಾಪಕರೂ ಸಂಸ್ಥೆಯೂ ಕೈಬಿಡುತ್ತ ಹೋಗುವುದು ಎಂದು ನಾನು ನಂಬಿದ್ದೇನೆ.

ಕಮ್ಯುನಿಟಿ ಕಾಲೇಜು ಎಂದರೆ ಎರಡು ವರ್ಷಗಳ ಪದವಿ ಕೊಡುವ, ಸಾರ್ವಜನಿಕ ಹಣದಿಂದ ನಡೆಯುವ ಕಾಲೇಜು. ಅಲ್ಲಿ ಸಾಮಾನ್ಯವಾಗಿ 60 ಕ್ರೆಡಿಟ್ ಮುಗಿಸಿದರೆ ಅಸೋಸಿಯೇಟ್ ಪದವಿ ದೊರೆಯುತ್ತದೆ; ಅದನ್ನು ಹಿಡಿದು ಕೆಲಸಕ್ಕೂ ಸೇರಬಹುದು, ನಾಲ್ಕು ವರ್ಷಗಳ ಕಾಲೇಜಿನ ಮೂರನೆಯ ವರ್ಷಕ್ಕೂ ಹೋಗಬಹುದು. 1901ರಲ್ಲಿ ಇಲಿನಾಯ್ ರಾಜ್ಯದ ಜೋಲಿಯೆಟ್‌ನಲ್ಲಿ ಈ ಬಗೆಯ ಮೊದಲ ಸಾರ್ವಜನಿಕ ಕಾಲೇಜು ಆರಂಭವಾಯಿತು. ನ್ಯೂಯಾರ್ಕ್ ನಗರದ ಕಥೆಗೆ ಇನ್ನೊಂದು ತಿರುವಿದೆ. 1969ರಲ್ಲಿ ಅಲ್ಲಿನ ಸಿಟಿ ಕಾಲೇಜಿನ ಕಪ್ಪು ಮತ್ತು ಪೋರ್ಟೊರಿಕನ್ ವಿದ್ಯಾರ್ಥಿಗಳು ತಮ್ಮ ಸಮುದಾಯದವರಿಗೆ ಪ್ರವೇಶ ದೊರೆಯುತ್ತಿಲ್ಲವೆಂದು ಕಾಲೇಜಿನ ಕಟ್ಟಡಗಳನ್ನೇ ವಶಪಡಿಸಿಕೊಂಡು ಹೋರಾಡಿದರು. ಮರುವರ್ಷ, 1970ರಲ್ಲಿ, ನಗರದ ಪ್ರೌಢಶಾಲೆ ಮುಗಿಸಿದ ಪ್ರತಿಯೊಬ್ಬರಿಗೂ, ಸಿಟಿ ಕಾಲೇಜು ಸೇರಿದ್ದ ಸಿಟಿ ಯೂನಿವರ್ಸಿಟಿಯ ಯಾವುದಾದರೊಂದು ಕಾಲೇಜಿನಲ್ಲಿ ಸ್ಥಾನವಿದೆ ಎಂಬ ಮುಕ್ತ ಪ್ರವೇಶದ ನೀತಿ ಜಾರಿಗೆ ಬಂತು. ಅದರ ಬೆನ್ನಲ್ಲೇ, 1971ರಲ್ಲಿ, ಅದೇ ವಿಶ್ವವಿದ್ಯಾಲಯದ ಲಗ್ವಾರ್ಡಿಯಾ ಕಾಲೇಜು ಕ್ವೀನ್ಸ್‌ನ ಲಾಂಗ್ ಐಲೆಂಡ್ ಸಿಟಿಯಲ್ಲಿ ಬಾಗಿಲು ತೆರೆಯಿತು. ಐದೇ ವರ್ಷಗಳಲ್ಲಿ, ನಗರದ ಖಜಾನೆ ಬರಿದಾದ 1976ರಲ್ಲಿ, ಆ ವಿಶ್ವವಿದ್ಯಾಲಯ ಅದುವರೆಗೆ ಕಾಪಾಡಿಕೊಂಡು ಬಂದಿದ್ದ ಉಚಿತ ಶಿಕ್ಷಣದ ಪರಂಪರೆ ಕೊನೆಗೊಂಡಿತು. ಎಲ್ಲರಿಗೂ ಬಾಗಿಲು ತೆರೆದ ಕೆಲವೇ ವರ್ಷಗಳಲ್ಲಿ ಬಾಗಿಲಲ್ಲಿ ಶುಲ್ಕ ಬಂದು ಕುಳಿತದ್ದನ್ನು ನಾನು ಇಂದಿಗೂ ಸಮಾಧಾನದಿಂದ ಓದಲಾರೆ.

ಕಾಲೇಜೆಂದರೆ ಮರಗಳು, ಮೈದಾನ, ಹಳೆಯ ಕಲ್ಲಿನ ಕಟ್ಟಡ ಎಂದು ಕಲ್ಪಿಸಿಕೊಂಡಿದ್ದ ನನ್ನ ಕಣ್ಣಿಗೆ ಬಿದ್ದದ್ದು ಕಾರ್ಖಾನೆ. ನೌಕಾಪಡೆಯ ಫಿರಂಗಿಗಳಿಗೆ ಗುರಿ ಲೆಕ್ಕಹಾಕುವ ಯಂತ್ರಗಳನ್ನು ತಯಾರಿಸುತ್ತಿದ್ದ ಫೋರ್ಡ್ ಇನ್‌ಸ್ಟ್ರುಮೆಂಟ್ ಕಂಪನಿಯ ಕಟ್ಟಡದಲ್ಲಿ ಕಾಲೇಜು ಶುರುವಾದದ್ದು. ಮುಂದೆ ಅದರೊಳಗೆ ಸೇರಿಕೊಂಡ ಇನ್ನೊಂದು ದೊಡ್ಡ ಕಟ್ಟಡ ಒಂದು ಕಾಲಕ್ಕೆ ಸನ್‌ಶೈನ್ ಬಿಸ್ಕತ್ತಿನ ಕಾರ್ಖಾನೆಯಾಗಿತ್ತು. ಕಾಲೇಜಿಗೆ ಹೆಸರು ಕೊಟ್ಟ ಫಿಯೊರೆಲ್ಲೊ ಲಗ್ವಾರ್ಡಿಯಾ 1934ರಿಂದ 1945ರವರೆಗೆ ನಗರದ ಮೇಯರ್ ಆಗಿದ್ದವರು. ವಲಸಿಗ ದಂಪತಿಗಳ ಮಗನಾದ ಅವರು ಕಾನೂನು ಓದುತ್ತಿದ್ದ ದಿನಗಳಲ್ಲಿ ಎಲ್ಲಿಸ್ ದ್ವೀಪದ ವಲಸೆ ಠಾಣೆಯಲ್ಲಿ ದುಭಾಷಿಯಾಗಿ ದುಡಿದಿದ್ದರು. ಹಗಲು ಕೆಲಸ, ಸಂಜೆ ಓದು ಎಂಬ ಅವರ ದಿನಚರಿಯೇ ನನ್ನ ಬಹುಪಾಲು ಸಹಪಾಠಿಗಳ ದಿನಚರಿಯೂ ಆಗಿತ್ತು. ಕಾಲೇಜಿನ ಹತ್ತಿರದಲ್ಲೇ ಹಾಯುವ 7ನೆಯ ಸಂಖ್ಯೆಯ ರೈಲು ರಸ್ತೆಯ ಮೇಲೆ ಕಂಬಗಳ ಸಾಲಿನಲ್ಲಿ ಸಾಗುತ್ತ ಸನ್ನಿಸೈಡ್, ವುಡ್‌ಸೈಡ್, ಜಾಕ್ಸನ್ ಹೈಟ್ಸ್, ಕರೋನ ದಾಟಿ ಫ್ಲಶಿಂಗ್ ಮುಟ್ಟುತ್ತದೆ. ನಾನು ಇಳಿಯುತ್ತಿದ್ದದ್ದು ಆ ಕೊನೆಯ ನಿಲ್ದಾಣದಲ್ಲಿ. 1977ರಲ್ಲಿ ಪ್ರತಿಷ್ಠಾಪನೆಗೊಂಡ, ನಮ್ಮವರೂ ನಡೆದುಕೊಳ್ಳುವ ಗಣೇಶನ ದೇವಸ್ಥಾನ ಇರುವುದು ಅಲ್ಲಿಯೇ. ಕ್ವೀನ್ಸ್‌ನ ನಿವಾಸಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಬೇರೆ ದೇಶದಲ್ಲಿ ಹುಟ್ಟಿದವರು, ಮತ್ತು ಕಾಲೇಜಿನ ವಿದ್ಯಾರ್ಥಿಗಳು ನೂರಕ್ಕೂ ಹೆಚ್ಚು ದೇಶಗಳಿಂದ ಬಂದವರು.

ಅಂಕಿಗಳು ಹೇಳಲಾರದ್ದನ್ನು ನಾನು ಪ್ರಬಂಧ ಬರವಣಿಗೆಯ ತರಗತಿಯಲ್ಲಿ ಕಂಡೆ. ಅಲ್ಲಿ ಬರೆದ ಕರಡನ್ನು ಅಧ್ಯಾಪಕರಿಗೆ ಒಪ್ಪಿಸುವ ಮೊದಲು ಪಕ್ಕದವರಿಗೆ ಕೊಟ್ಟು ಓದಿಸಬೇಕು. ಅವರು ಅರ್ಥವಾಗದ ಕಡೆ ಅಂಚಿನಲ್ಲಿ ಗುರುತು ಹಾಕಬೇಕು. ನಾನು ನಮ್ಮ ಮನೆಯ ಗೃಹಪ್ರವೇಶದ ಬಗ್ಗೆ ಬರೆದಿದ್ದೆ. ನನ್ನ ಕರಡು ಹೋದದ್ದು ಈಕ್ವೆಡಾರ್‌ನಿಂದ ಬಂದು ರೆಸ್ಟೊರೆಂಟೊಂದರ ಅಡುಗೆಮನೆಯಲ್ಲಿ ದುಡಿಯುತ್ತಿದ್ದ, ನನಗಿಂತ ಹತ್ತು ವರ್ಷ ಹಿರಿಯರಾದ ಒಬ್ಬರ ಕೈಗೆ. ‘ಹಾಲು ಉಕ್ಕಿಸಿದೆವು’ ಎಂಬ ವಾಕ್ಯದ ಪಕ್ಕದಲ್ಲಿ ಅವರು ‘ಹಾಲನ್ನು ಬೇಕೆಂದೇ ಏಕೆ ಚೆಲ್ಲಿದಿರಿ?’ ಎಂದು ಬರೆದಿದ್ದರು. ಅಡುಗೆಮನೆಯಲ್ಲಿ ಹಾಲು ಉಕ್ಕಿಸಿದವರು ಬೈಗುಳ ತಿನ್ನುವುದನ್ನು ದಿನವೂ ಕಂಡವರ ಪ್ರಾಮಾಣಿಕ ಪ್ರಶ್ನೆ ಅದು. ಉತ್ತರ ಬರೆಯಲು ಕುಳಿತಾಗಲೇ ಹಾಲು ಯಾವ ದಿಕ್ಕಿಗೆ ಉಕ್ಕಿತೆಂದು ಅಜ್ಜಿ ಬಗ್ಗಿ ನೋಡುತ್ತಿದ್ದದ್ದು, ಆ ಹಾಲನ್ನು ಎಲ್ಲರಿಗೂ ಹಂಚುತ್ತಿದ್ದದ್ದು, ಸಮೃದ್ಧಿ ಎಂದರೆ ಪಾತ್ರೆಯ ಅಂಚು ಮೀರುವುದು ಎಂಬ ಭಾವನೆ, ಇವೆಲ್ಲ ನನಗೇ ಮೊದಲ ಬಾರಿ ಮಾತಿಗೆ ಸಿಕ್ಕಿದವು. ಊರಿನ ಗೆಳತಿಯರ ನಡುವೆ ಬರೆದಿದ್ದರೆ ಆ ಒಂದು ವಾಕ್ಯವೇ ಸಾಕಾಗುತ್ತಿತ್ತು; ಅದರೊಳಗೆ ಏನಿದೆ ಎಂದು ನಾನು ಎಂದಿಗೂ ನೋಡುತ್ತಿರಲಿಲ್ಲ. ಅವರ ಪ್ರಬಂಧದಲ್ಲಿ ನಾನೂ ಅಷ್ಟೇ ಗುರುತುಗಳನ್ನು ಹಾಕಿದ್ದೆ.

ಸಿಲಬಸ್ ಎಂಬ ಪದವೂ ನನಗೆ ಹೊಸದಾಗಿ ಅರ್ಥವಾಗಬೇಕಾಯಿತು. ನಮ್ಮಲ್ಲಿ ಅದು ವಿಶ್ವವಿದ್ಯಾಲಯ ಕಳಿಸುವ ಪಾಠಗಳ ಪಟ್ಟಿ. ಅಲ್ಲಿ ಪ್ರತಿ ಅಧ್ಯಾಪಕರೂ ತಮ್ಮ ತರಗತಿಗೆ ತಾವೇ ಬರೆಯುವ, ಯಾವ ದಿನ ಏನು ಒಪ್ಪಿಸಬೇಕು, ಯಾವುದಕ್ಕೆ ಎಷ್ಟು ಅಂಕ, ತಡವಾದರೆ ಏನಾಗುತ್ತದೆ ಎಂಬುದನ್ನೆಲ್ಲ ಹೇಳುವ ಒಪ್ಪಂದ. ಪರೀಕ್ಷೆಯ ಹಿಂದಿನ ತಿಂಗಳು ಕುಳಿತು ಓದಿದರಾಯಿತು ಎಂಬ ನನ್ನ ಅಭ್ಯಾಸ 12 ವಾರಗಳ ಅವಧಿಯಲ್ಲಿ ನಡೆಯಲಿಲ್ಲ. ಪುಸ್ತಕದ ಮಾತನ್ನು ಅಕ್ಷರಶಃ ಒಪ್ಪಿಸುವುದು ಗುರುಗಳಿಗೆ ತೋರುವ ಗೌರವವೆಂದು ಬೆಳೆದವಳಿಗೆ, ಮೂಲ ಹೇಳದೆ ಒಂದು ಸಾಲು ಎತ್ತಿಕೊಂಡರೂ ಅದು ಕೃತಿಚೌರ್ಯ ಎಂದು ಯಾರಾದರೂ ಬಿಡಿಸಿ ಹೇಳಲೇಬೇಕು. ನನ್ನ ಅಧ್ಯಾಪಕರು ಹೇಳಿದರು. ಹಾಗೆ ಹೇಳುವವರಿಲ್ಲದೆ ಶಿಕ್ಷೆಯ ಮೂಲಕವೇ ತಿಳಿದುಕೊಳ್ಳುವ ವಿದ್ಯಾರ್ಥಿಗಳು ಎಲ್ಲ ದೇಶಗಳಲ್ಲೂ ಇದ್ದಾರೆ.

ಇನ್ನು ನೋವಿನ ಸಂಗತಿಗೆ ಬರುತ್ತೇನೆ. ಸೆಮಿಸ್ಟರಿನ ಮೊದಲ ವಾರ ತುಂಬಿರುತ್ತಿದ್ದ ಕುರ್ಚಿಗಳು ಎಂಟನೆಯ ವಾರದ ಹೊತ್ತಿಗೆ ಅಲ್ಲಲ್ಲಿ ಖಾಲಿಯಾಗುತ್ತಿದ್ದವು. ಒಬ್ಬರ ಕೆಲಸದ ಪಾಳಿ ಬದಲಾಗುತ್ತಿತ್ತು, ಒಬ್ಬರ ಮಗುವನ್ನು ನೋಡಿಕೊಳ್ಳುವವರು ಊರಿಗೆ ಹೋಗುತ್ತಿದ್ದರು, ಇನ್ನೊಬ್ಬರಿಗೆ ತಿಂಗಳ ರೈಲಿನ ಪಾಸು ಕೊಳ್ಳಲು ಆಗುತ್ತಿರಲಿಲ್ಲ. ಇಂಥವರು ಓದಿನಲ್ಲಿ ಹಿಂದಿದ್ದಾರೆ ಎಂದು ತಿಳಿಯುವುದು ಸುಲಭ, ಆದರೆ ಆ ತಿಳಿವಳಿಕೆ ತಪ್ಪೆಂಬುದಕ್ಕೆ ಸಾಕ್ಷಿ ಅದೇ ಊರಿನಲ್ಲಿದೆ. ಸಿಟಿ ಯೂನಿವರ್ಸಿಟಿ 2007ರಲ್ಲಿ ತನ್ನ ಕಮ್ಯುನಿಟಿ ಕಾಲೇಜುಗಳಲ್ಲಿ ಅಸಾಪ್ ಎಂಬ ಯೋಜನೆ ಆರಂಭಿಸಿತು. ಪೂರ್ಣಾವಧಿ ಓದುವುದಾಗಿ ಒಪ್ಪಿದ ವಿದ್ಯಾರ್ಥಿಗೆ ಶುಲ್ಕದಲ್ಲಿ ಉಳಿದ ಕೊರತೆಯನ್ನು ತುಂಬಿಕೊಡುವುದು, ಪಠ್ಯಪುಸ್ತಕ ಕೊಡುವುದು, ನಗರದ ರೈಲು-ಬಸ್ಸಿನ ಪಾಸು ಕೊಡುವುದು, ಪದೇ ಪದೇ ಭೇಟಿಯಾಗುವ ಒಬ್ಬ ಸಲಹೆಗಾರರನ್ನು ನೇಮಿಸುವುದು, ಇಷ್ಟೇ ಅದರ ತಿರುಳು. ಆರಂಭದ ವರ್ಷಗಳಲ್ಲಿ ಒಬ್ಬ ಸಲಹೆಗಾರರಿಗೆ 60ರಿಂದ 80 ವಿದ್ಯಾರ್ಥಿಗಳಿದ್ದರು. ಯೋಜನೆಯ ಹೊರಗಿದ್ದವರ ಪಾಲಿಗೆ ಒಬ್ಬ ಸಲಹೆಗಾರರ ಮುಂದೆ ನೂರಾರು ಮಂದಿಯ ಸಾಲು. ಎಂ.ಡಿ.ಆರ್.ಸಿ. ಎಂಬ ಸಂಶೋಧನಾ ಸಂಸ್ಥೆ ಲಗ್ವಾರ್ಡಿಯಾ ಸೇರಿದಂತೆ ಮೂರು ಕಾಲೇಜುಗಳಲ್ಲಿ ಚೀಟಿ ಎತ್ತಿದಂತೆ ವಿದ್ಯಾರ್ಥಿಗಳನ್ನು ಎರಡು ಗುಂಪು ಮಾಡಿ ಗಮನಿಸಿತು. ಮೂರು ವರ್ಷಗಳಲ್ಲಿ ಪದವಿ ಪಡೆದವರು ಯೋಜನೆಯೊಳಗಿನ ಗುಂಪಿನಲ್ಲಿ ಶೇ. 40, ಹೊರಗಿನ ಗುಂಪಿನಲ್ಲಿ ಶೇ. 22. ಎರಡೂ ಗುಂಪುಗಳ ವಿದ್ಯಾರ್ಥಿಗಳು ಒಂದೇ ಬಗೆಯವರು, ಓದಿದ್ದು ಅವೇ ಮೂರು ಕಾಲೇಜುಗಳಲ್ಲಿ. ನಾನು ಆ ಯೋಜನೆಯಲ್ಲಿರಲಿಲ್ಲ. ಆದರೆ ಖಾಲಿಯಾದ ಕುರ್ಚಿಗಳು ನೆನಪಾದಾಗಲೆಲ್ಲ, ಅವುಗಳಲ್ಲಿ ಎಷ್ಟನ್ನು ಒಂದು ರೈಲಿನ ಪಾಸು ತುಂಬಿಸಬಹುದಿತ್ತು ಎಂದು ಯೋಚಿಸುತ್ತೇನೆ.

ಕ್ರೆಡಿಟ್ ವರ್ಗಾವಣೆಯ ತೊಡಕನ್ನು ಒಂದೇ ಮಾತಿನಲ್ಲಿ ಹೇಳಿ ಮುಂದೆ ಹೋಗುತ್ತೇನೆ: ಎರಡು ವರ್ಷ ಓದಿದ್ದನ್ನು ಮುಂದಿನ ಕಾಲೇಜು ಪೂರ್ತಿ ಒಪ್ಪಿಕೊಳ್ಳುತ್ತದೆಂದು ನಂಬಿ ಕೋರ್ಸುಗಳನ್ನು ಆರಿಸಬಾರದು, ಮೊದಲೇ ಕೇಳಿ ಲಿಖಿತವಾಗಿ ತಿಳಿದುಕೊಳ್ಳಬೇಕು.

ನಿಮ್ಮ ಕಾಲೇಜಿನ ಪ್ರವೇಶ ವಿಭಾಗದ ಮುಂದೆ ಬೆಳಿಗ್ಗೆ ಸ್ವಲ್ಪ ಹೊತ್ತು ನಿಂತಿದ್ದೆ. ರಾಯಚೂರಿನ ಕನ್ನಡ, ಕುಂದಾಪುರದ ಕನ್ನಡ, ಉರ್ದು, ತೆಲುಗು ಒಂದೇ ಸಾಲಿನಲ್ಲಿ ಕೇಳಿಸಿದವು. ಮನೆಯಲ್ಲಿ ಮೊದಲ ಬಾರಿ ಕಾಲೇಜಿನ ಮೆಟ್ಟಿಲು ಹತ್ತಿದವರು ಆ ಸಾಲಿನಲ್ಲಿ ಹಲವರಿದ್ದರು. ಅರ್ಜಿಯಲ್ಲಿದ್ದ ಒಂದು ಸಂಕ್ಷಿಪ್ತ ಪದದ ಅರ್ಥವೇನೆಂದು ಒಬ್ಬ ಹುಡುಗಿ ಹಿಂದಿನವಳನ್ನು ಪಿಸುದನಿಯಲ್ಲಿ ಕೇಳುತ್ತಿದ್ದಳು, ಹಿಂದಿನವಳಿಗೂ ಅದು ತಿಳಿದಿರಲಿಲ್ಲ.

ಪ್ರಾಂಶುಪಾಲರು ವಾಣಿಜ್ಯ ವಿಭಾಗದ ಕೊಠಡಿಯನ್ನು ಇಂದು ಸಂಜೆ 4 ಗಂಟೆಯವರೆಗೆ ನನಗೆ ಬಿಟ್ಟುಕೊಟ್ಟಿದ್ದಾರೆ. ನಾನು ಅಲ್ಲಿ ಬೇರೆ ಯಾವ ಕೆಲಸವನ್ನೂ ಇಟ್ಟುಕೊಂಡಿಲ್ಲ. ಅದು ನೀವು ಬಂದು ಕೇಳಲೆಂದು ಇಟ್ಟ ಸಮಯ; ಬಾಗಿಲು ತಟ್ಟದೆಯೇ ಒಳಗೆ ಬನ್ನಿ.